ಹಾರ ಹಾಕಿದ ಮೇಷ್ಟ್ರ ಫೋಟೋ

ಚಿಕ್ಕಬಳ್ಳಾಪುರದ ಆ ಆಫೀಸನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಅದು ಬರುವ ಮೊದಲು ಶಿಡ್ಲಘಟ್ಟದಲ್ಲಿ ನಮ್ಮದೇ ಒಂದು ಕೇಬಲ್ ಚಾನೆಲ್ ಇತ್ತು. ರೇಷ್ಮೆಗೂಡಿನ ದರ, ಕಳೆದುಹೋದ ಹಸು, ಮದುವೆ, ಸಾವು, ಎಲ್ಲವನ್ನೂ ನಾನೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಊರಿಗೆ ತೋರಿಸುತ್ತಿದ್ದೆ. ತಪ್ಪಾದರೆ ಯಾರಾದರೂ ಬಾಗಿಲಿಗೇ ಬಂದು ಬೈಯುತ್ತಿದ್ದರು. ಬೈಸಿಕೊಂಡು ಅವರೆದುರಿಗೇ ತಿದ್ದುತ್ತಿದ್ದೆ.

ಬ್ರಾಡ್‌ಬ್ಯಾಂಡ್ ಬಂದದ್ದೇ ತಡ, ಚಾನೆಲ್ಲಿನ ಮಾಲೀಕರಿಗೆ ಹುಚ್ಚು ಹಿಡಿಯಿತು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೂರನ್ನೂ ಚಿಕ್ಕಬಳ್ಳಾಪುರದ ಒಂದು ಸರ್ವರಿಗೆ ಕಟ್ಟಿಹಾಕಿದರು. ನಾವೆಲ್ಲ ಯೂಸರ್‌ಗಳಾದೆವು. ಲಾಗಿನ್ ಆಗಬಹುದು, ಕಳಿಸಬಹುದು, ಕೂತು ನೋಡಬಹುದು. ಪ್ರಸಾರ ಮಾಡುವ, ಮಾಡಿದ್ದನ್ನು ತೆಗೆಯುವ ಅಧಿಕಾರ ಮಾತ್ರ ಅಡ್ಮಿನ್‌ನದು. ಅಡ್ಮಿನ್ ಅಂದರೆ ಮಾಲೀಕರ ಭಾಮೈದ. ಅವನಿಗಿದ್ದ ಅರ್ಹತೆಯೆಂದರೆ ಅವನ ಅಕ್ಕ ಮಾಲೀಕರ ಹೆಂಡತಿ. ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು, ಮಾಲೀಕರಿಗೂ ಗೊತ್ತಿಲ್ಲ. ಅದನ್ನೇ ಸೆಕ್ಯುರಿಟಿ ಎಂದು ಕರೆದು ಅವನು ಮೀಸೆ ತಿರುವುತ್ತಿದ್ದ.

ನಮ್ಮ ಬೀದಿಯಲ್ಲೇ ಇದ್ದ, ದಿಬ್ಬೂರಹಳ್ಳಿ ಶಾಲೆಯ ಮೇಷ್ಟ್ರು ಆ ವರ್ಷ ನಿವೃತ್ತರಾದರು. ಚಾನೆಲ್ಲಿನಲ್ಲಿ ಶುಭಾಶಯ ಹಾಕಿಸಲು ಹಳೆಯ ಶಿಷ್ಯರು ಸನ್ಮಾನದ ಫೋಟೋ ತಂದುಕೊಟ್ಟರು. ಕುತ್ತಿಗೆಗೆ ದಪ್ಪನೆಯ ಗುಲಾಬಿ ಹಾರ, ಮುಖ ಗಂಭೀರ. ನಾಲ್ಕು ಒಳ್ಳೆಯ ಮಾತು ಬರೆದು ಫೋಟೋ ಜೊತೆ ಕಳಿಸಿದೆ. ಅಡ್ಮಿನ್‌ನ ಕಂಪ್ಯೂಟರಿನಲ್ಲಿ ನಮ್ಮ ಕನ್ನಡ ಫಾಂಟೇ ಇರಲಿಲ್ಲ. ನಾನು ಬರೆದದ್ದೆಲ್ಲ ಅವನಿಗೆ ಕಾಗೆಕಾಲು ಗುಬ್ಬಿಕಾಲಾಗಿ ಕಂಡಿತಂತೆ. ಒಂದು ಫೋನ್ ಮಾಡಿ ಕೇಳಬಹುದಿತ್ತು, ಕೇಳಲಿಲ್ಲ. ಹಾರ ನೋಡಿದ, ಮುಖ ನೋಡಿದ, ಈ ಮನುಷ್ಯ ಸತ್ತಿದ್ದಾನೆ ಎಂದು ತೀರ್ಮಾನಿಸಿದ. ಫೋಟೋವನ್ನು ಭಾವಪೂರ್ಣ ಶ್ರದ್ಧಾಂಜಲಿಯ ಚೌಕಟ್ಟಿಗೆ ಅಂಟಿಸಿ, ಅಕ್ಕಪಕ್ಕ ದೀಪ ಹಚ್ಚಿ, ಚಿಕ್ಕಬಳ್ಳಾಪುರವೂ ಸೇರಿ ನಾಲ್ಕೂ ಊರಿಗೆ ಬಿಟ್ಟು ಎದ್ದುಹೋದ.

ಸಂಜೆ ಮೇಷ್ಟ್ರೇ ಏದುಸಿರು ಬಿಡುತ್ತಾ ನನ್ನ ಬಾಗಿಲಿಗೆ ಬಂದರು.

“ಏನಪ್ಪ ಇದು? ನಾನಿನ್ನೂ ಇದೀನಲ್ಲಪ್ಪ! ಮೊದ್ಲು ತೆಗಿ ಅದನ್ನ. ನನ್ ಮಗಳು ಚಿಂತಾಮಣೀಲಿದಾಳೆ. ಅವಳು ನೋಡ್ಬಿಟ್ರೆ ಏನ್ ಗತಿ?”

ಮಗಳ ಮನೆಗೆ ಆಗಲೇ ಫೋನ್ ಮಾಡಿದ್ದರು. ರಿಂಗಾಗುತ್ತಿತ್ತು, ಎತ್ತುವವರಿಲ್ಲ. ನಾನು ಅಳಿಸುವ ಬಟನ್ ಒತ್ತಿದೆ. ನಿಮಗೆ ಅನುಮತಿಯಿಲ್ಲ ಎಂದು ಇಂಗ್ಲಿಷಿನಲ್ಲಿ ಬಂತು. ಮತ್ತೆ ಒತ್ತಿದೆ, ಮತ್ತೆ ಅದೇ. ನಾನೇ ಕಳಿಸಿದ ಫೋಟೋ, ನನ್ನ ಎದುರಿಗೇ ನಿಂತಿರುವ ಮನುಷ್ಯ, ನನಗೇ ಅನುಮತಿಯಿಲ್ಲ. ಅಡ್ಮಿನ್‌ಗೆ ಫೋನ್ ಮಾಡಿದರೆ ಅವನು ಗೌರಿಬಿದನೂರಿನಲ್ಲಿ ಯಾರದೋ ಆರತಕ್ಷತೆಯಲ್ಲಿದ್ದ.

“ಊಟಕ್ಕೆ ಕೂತಿದೀನಿ. ಆಮೇಲೆ ಆಫೀಸಿಗೆ ಹೋಗಿ ನೋಡ್ತೀನಿ ಬಿಡು.”

“ಪಾಸ್‌ವರ್ಡ್ ಹೇಳಿ ಸಾರ್, ಇಲ್ಲಿಂದ್ಲೇ ತೆಗೀತೀನಿ. ಮೇಷ್ಟ್ರು ಇಲ್ಲೇ ಅಳ್ತಾ ನಿಂತಿದಾರೆ.”

“ಪಾಸ್‌ವರ್ಡೆಲ್ಲ ಫೋನಲ್ಲಿ ಹೇಳಕ್ಕಾಗಲ್ಲ ಕಣಯ್ಯ. ಸಿಸ್ಟಮ್ ಅಂದ್ಮೇಲೆ ರೂಲ್ಸ್ ಇರುತ್ತೆ.”

ಅಷ್ಟರಲ್ಲಿ ಯಾರೋ ಹೋಳಿಗೆ ಬಡಿಸಲು ಬಂದರೆಂದು ಕಾಣುತ್ತದೆ. “ತುಪ್ಪ, ಇಲ್ಲಿಗೆ ತುಪ್ಪ” ಎಂದು ಅವನು ಕೂಗಿದ್ದು ಕೇಳಿಸಿತು.

ತಡೆಯಲಾರದೆ ನಮ್ಮ ಊರಿಗೆ ಹೋಗುವ ವೈರನ್ನೇ ಕಿತ್ತುಹಾಕಿದೆ. ಶಿಡ್ಲಘಟ್ಟದ ಟೀವಿಗಳೆಲ್ಲ ಕಪ್ಪಾದವು. ಮೇಷ್ಟ್ರು ತಲೆಯಾಡಿಸಿದರು.

“ಇಲ್ಲಿ ಕಿತ್ರೆ ಏನ್ ಬಂತಪ್ಪ. ಅವಳಿರೋದು ಅಲ್ಲಿ.”

ಅವರು ಹೇಳಿದ್ದು ನಿಜ. ಚಿಂತಾಮಣಿಯಲ್ಲಿ ದೀಪಗಳು ಉರಿಯುತ್ತಲೇ ಇದ್ದವು. ಅಲ್ಲಿಯ ಆಪರೇಟರನ ಕೈಯೂ ನನ್ನ ಕೈಯಷ್ಟೇ ಬರಿದು. ಫೋನ್ ಮಾಡಿ ಕೇಳಿಕೊಂಡರೆ, ವೈರು ಕಿತ್ತರೆ ಕೆಲಸ ಹೋಗುತ್ತದೆಂದು ಅವನು ಹೆದರಿಬಿಟ್ಟ. ಅವನನ್ನು ಬೈಯಲೂ ನನಗೆ ಮನಸ್ಸಾಗಲಿಲ್ಲ.

ಕತ್ತಲಾಗುವ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಒಬ್ಬ ಹೆಂಗಸು ಓಡಿಬಂದಳು. ಕೂದಲು ಬಿಚ್ಚಿಹೋಗಿತ್ತು, ಕಂಕುಳಲ್ಲಿ ಕೂಸು, ಒಂದು ಕಾಲಿಗೆ ಮಾತ್ರ ಚಪ್ಪಲಿ. ಮೇಷ್ಟ್ರು ದಡಬಡ ಮೆಟ್ಟಿಲಿಳಿದು ರಸ್ತೆಯ ಮಧ್ಯೆ ನಿಂತು, “ಇಲ್ಲಿದೀನಮ್ಮ” ಎಂದರು. ಅಪ್ಪನ ಹೆಣ ನೋಡಲು ಹೊರಟಿದ್ದ ಮಗಳು ಅಪ್ಪನನ್ನೇ ದಾಟಿಕೊಂಡು ಮನೆಯ ಕಡೆ ಓಡಿದಳು. ಇವರು ಹಿಂದಿನಿಂದ ಮತ್ತೊಮ್ಮೆ ಕೂಗಿದರು. ಆಗ ನಿಂತಳು, ತಿರುಗಿದಳು, ನೋಡಿದಳು. “ನಾಯ್ನಾ” ಎಂದು ಅಪ್ಪನನ್ನು ಕರೆದವಳೇ ಕೂಸಿನೊಂದಿಗೆ ರಸ್ತೆಯ ಮೇಲೆಯೇ ಕುಸಿದು ಕೂತಳು.

ಆ ಹೊತ್ತಿಗೆ ಸರಿಯಾಗಿ ನನ್ನ ಮೊಬೈಲ್ ಹೊಡೆದುಕೊಂಡಿತು. ಅಡ್ಮಿನ್.

“ಆಫೀಸಿಗೆ ಬಂದೆ ಕಣಯ್ಯ. ತೆಗೆದಾಯ್ತು. ಯಾರಾದ್ರೂ ನೋಡಿದ್ರಾ?”

ಮೆಟ್ಟಿಲಿಳಿದು ಹೋಗಿ, ಅಪ್ಪನ ಕಾಲು ತಬ್ಬಿಕೊಂಡು ಅಳುತ್ತಿದ್ದ ಆ ಹೆಣ್ಣುಮಗಳ ಹತ್ತಿರ ಮೊಬೈಲ್ ಹಿಡಿದೆ.

“ಹಲೋ? ಏನಯ್ಯಾ ಅದು ಗಲಾಟೆ? ಹಲೋ? ಲೈನ್ ಸರಿಯಿಲ್ಲ” ಎಂದು ಅವನು ಇಟ್ಟುಬಿಟ್ಟ.