ಹಿಮಕ್ಕೆಂದು ಕೂಡಿಟ್ಟ ಮಣ್ಣು

ಅಬಿ ಸ್ಕರ್ಮಾ ನನ್ನ ಸ್ವಂತ ಅಜ್ಜಿಯಲ್ಲ, ಪಕ್ಕದ ಮನೆಯವಳು. ಆದರೆ ಊರಿಗೆಲ್ಲ ಅವಳು ಅಬಿಯೇ, ಅಂದರೆ ಅಜ್ಜಿಯೇ. ಝನ್ಸ್ಕಾರ ಕಣಿವೆಯ ನಮ್ಮ ಊರಲ್ಲಿ ಚಳಿ ಶುರುವಾಗುವ ಮುಂಚೆ ಬುಟ್ಟಿಗಟ್ಟಲೆ ಒಣಮಣ್ಣು ತಂದು ಮನೆಯೊಳಗೆ ಇಟ್ಟುಕೊಳ್ಳುತ್ತೇವೆ. ಚಳಿ ಮುಗಿಯುವಾಗ ಹೊಲದ ಹಿಮದ ಮೇಲೆ ಎರಚಿದರೆ ಬಿಸಿಲಿಗೆ ಬೇಗ ಕರಗುತ್ತದೆ, ಬಾರ್ಲಿ ಬಿತ್ತಬಹುದು. ಅಬಿಯಷ್ಟು ಮಣ್ಣು ಯಾರೂ ಕೂಡಿಡುತ್ತಿರಲಿಲ್ಲ. ಅವಳಷ್ಟು ಹಿಮಚಿರತೆಯನ್ನು ಬೈದವರೂ ಇಲ್ಲ. ಗಂಡ ಸತ್ತ ವರ್ಷವೇ ಅದು ದೊಡ್ಡಿಗೆ ನುಗ್ಗಿ ಅವಳ ಕುರಿಗಳನ್ನೆಲ್ಲ ಮುಗಿಸಿತ್ತು.

ಕೆಲವು ವರ್ಷಗಳಿಂದ ನಮ್ಮ ಚಳಿಗಾಲ ಹದಗೆಟ್ಟಿದೆ. ಹೋದ ಸಲವಂತೂ ಹಿಮ ಬೀಳಬೇಕಾದ ತಿಂಗಳಲ್ಲಿ ಮಳೆ ಸುರಿಯಿತು! ಮರುದಿನ ಗುಡ್ಡವೆಲ್ಲ ಗಾಜಿನಂತೆ ಹೆಪ್ಪುಗಟ್ಟಿತು. ಎಷ್ಟು ಕೆರೆದರೂ ಅಡಿಯ ಹುಲ್ಲು ಸಿಗದೆ ಕಾಡುಕುರಿಗಳು ಕಣಿವೆ ಬಿಟ್ಟು ಹೊರಟವು. ಉಳಿದದ್ದು ಒಂದು ಸಣ್ಣ ಹಿಂಡು. ಅದನ್ನೇ ನಂಬಿಕೊಂಡು ಒಂದು ಹೆಣ್ಣು ಹಿಮಚಿರತೆ ಮರಿಯೊಂದಿಗೆ ಬಂಡೆಯ ಮೇಲೆ ಕೂತಿರುತ್ತಿತ್ತು.

ಅಬಿ ಮಣ್ಣಿನ ಬುಟ್ಟಿ ಹೊತ್ತು ಗುಡ್ಡ ಹತ್ತತೊಡಗಿದಳು.

"ಏನಬಿ, ಗುಡ್ಡದ ಮೇಲೆ ಬಾರ್ಲಿ ಬಿತ್ತೋಕೆ ಹೊರಟ್ಯಾ?" ನೆರೆಮನೆಯ ನೋರ್ಫೆಲ್ ಕಿಚಾಯಿಸಿದ.

"ಹ್ಞೂಂ, ನಿನ್ನ ತಲೆ ಮೇಲೂ ಒಂದು ಹಿಡಿ ಹಾಕ್ತೀನಿ, ಏನಾದ್ರೂ ಮೊಳೀಲಿ. ಐಸು ಕರಗಿದ್ರೆ ಕಾಡುಕುರಿ ಮೇಯ್ತವೆ. ಕುರಿ ಇದ್ರೆ ಆ ಹಾಳಾದವಳ ಹೊಟ್ಟೆ ತುಂಬುತ್ತೆ."

"ಅವಳು ಸಾಯ್ಲಿ ಅಂತಿದ್ದೋಳು ನೀನೇ ಅಲ್ವಾ?"

"ಅಂತಿದ್ದೆ. ಮರಿ ಇದೆ ಕಣೋ ಅವಳಿಗೆ."

ಮಣ್ಣು ಬಿದ್ದಲ್ಲಿ ಹಿಮಗಡ್ಡೆ ಕರಗಿತು. ಹಿಂಡು ಇಳಿದು ಬಂದು ಮೇಯಿತು. ಅಬಿ ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಆದರೆ ಆ ಮುದಿಕಾಲಿಗೆ ಹತ್ತಲಾದದ್ದು ಅರ್ಧ ಗುಡ್ಡ ಮಾತ್ರ, ಆ ಜಾಗ ಊರಿಗೆ ತೀರ ಹತ್ತಿರ. ನಮ್ಮೂರ ಬೀದಿನಾಯಿಗಳು ಗುಂಪು ಕಟ್ಟಿ ಹಿಂಡಿನ ಮೇಲೆ ಬಿದ್ದವು. ತಪ್ಪಿಸಿಕೊಂಡ ಕುರಿಗಳು ಕಣಿವೆ ದಾಟಿದವು, ಮತ್ತೆ ಬರಲಿಲ್ಲ. ನಾವೇ ಎಂಜಲು ಹಾಕಿ ಬೆಳೆಸಿದ ನಾಯಿಗಳು ಅವು.

"ನಾನೇ ಕರೆಸಿ ಕೊಲ್ಲಿಸಿದೆ," ಎಂದಳು ಅಬಿ.

ಕೆಲವು ದಿನಗಳಾದ ಮೇಲೆ ಅವಳ ದೊಡ್ಡಿಯ ಗೋಡೆಯ ಹೊರಗೆ ಚಿರತೆ ಸತ್ತು ಬಿದ್ದಿತ್ತು. ಬರೀ ಎಲುಬು ತೊಗಲು. ಗೋಡೆ ಹಾರುವ ತ್ರಾಣವೂ ಉಳಿದಿರಲಿಲ್ಲ. ಮರಿ ತಾಯಿಯ ಹೊಟ್ಟೆಗೆ ಒತ್ತಿಕೊಂಡೇ ಸೆಟೆದಿತ್ತು.

ಹೂಳೋಣವೆಂದರೆ ನೆಲ ಕಲ್ಲಾಗಿತ್ತು. ಅಬಿ ಒಳಗಿನಿಂದ ಕೊನೆಯ ಬುಟ್ಟಿ ಮಣ್ಣು ತಂದಳು.

"ಅಬಿ, ಆಮೇಲೆ ಹೊಲಕ್ಕೆ?" ಎಂದೆ.

"ಇವಳನ್ನೂ ನಾಯಿಗೆ ಕೊಡಲಾ?"

ಇಬ್ಬರ ಮುಖ ಮುಚ್ಚುವಷ್ಟರಲ್ಲಿ ಮಣ್ಣು ಮುಗಿಯಿತು. ಉಳಿದದ್ದಕ್ಕೆ ಕಲ್ಲು ಹೇರಿದೆವು.

ಮತ್ತೆ ಚಳಿ ಹತ್ತಿರ ಬಂದಿದೆ. ಊರವರೆಲ್ಲ ಮಣ್ಣು ಹೊರುತ್ತಿದ್ದೇವೆ. ಅಬಿ ತನ್ನ ಬುಟ್ಟಿ ಮುಟ್ಟಿಲ್ಲ. ಗುಡ್ಡ ನೋಡುತ್ತ ಕೂರುತ್ತಾಳೆ, ಯಾರನ್ನೂ ಬೈಯುವುದಿಲ್ಲ.