ಎಮ್ಮೆಯ ಕಿವಿ ಮತ್ತು ನನ್ನ ಬಾಸ್ ಗಿಟಾರು

ಸದಲಗಾ ಸೀಮೆಯ ಸಮಸ್ತ ಸಂಗೀತಪ್ರೇಮಿಗಳಿಗೂ ಅವರ ಎಮ್ಮೆಗಳಿಗೂ ಸಾಷ್ಟಾಂಗ ನಮಸ್ಕಾರ ಮಾಡಿ ಬಿನ್ನವಿಸುವುದೇನೆಂದರೆ,

ಇಂದು ಸಂಜೆ, ಇನ್ನೂ ಬಿಸಿಲಿರುವಾಗಲೇ, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ನನ್ನ ಬಾಸ್ ಗಿಟಾರಿನ ದಪ್ಪ ತಂತಿಯನ್ನು ಜೋರಾಗಿ ಬಾರಿಸಿದೆ. ಅತ್ತ ಹಾಲು ಹಿಂಡುತ್ತಿದ್ದ ನನ್ನ ಆಯಿಯ, ಅಂದರೆ ಅಜ್ಜಿಯ, ಚರಿಗೆ ಉರುಳಿತು.

“ಲೇ ಭಾಡ್ಯಾ, ಎಮ್ಮಿ ಒದೀತಲ್ಲೋ! ಇನ್ನೊಮ್ಮಿ ಬೆದರಿ ಹಾಲ ಬಿಡಲಿಲ್ಲಂದ್ರ ಆ ಗಿಟಾರ್ ಒಲಿಗಿ ಹಾಕ್ತೀನಿ!”

“ತಡಿ ಆಯಿ. ಕಂಪ್ರೆಸರ್ ಐತಿ, ಜೋರ ದನಿ ತಗ್ಗಸ್ತೈತಿ. ಅದರ ಮ್ಯಾಲ ಲಿಮಿಟರ್ ಐತಿ, ಎಷ್ಟ ಬಡದ್ರೂ ದನಿ ಹದ್ದ ದಾಟೂದಿಲ್ಲ.”

“ಹಂಗಿದ್ರ ಮೊದಲ ಅದನ್ನ ನಿಮ್ಮಜ್ಜನ ಬಾಯಿಗಿ ಹಚ್ಚಲೇ!”

ನಾನು ಪರಮ ಗಾಂಭೀರ್ಯದಿಂದ ಕಿಟಕಿಯಲ್ಲಿ ಕುಳಿತು, ಎಮ್ಮೆಯ ಕಿವಿಯನ್ನೇ ಮೀಟರು ಮಾಡಿಕೊಂಡೆ. ತಂತಿ ಬಾರಿಸಿದಾಗ ಕಿವಿ ನಿಮಿರಿದಂತೆಲ್ಲ ಕಂಪ್ರೆಸರಿನ ಗುಂಡಿಯನ್ನು ಇನ್ನಷ್ಟು ತಿರುಗಿಸಿದೆ. ಕೊನೆಗೆ ಲಿಮಿಟರನ್ನೂ ಬಿಗಿ ಮಾಡಿದೆ. ಆಮೇಲೆ ಎಷ್ಟು ಬಾರಿಸಿದರೂ ಕಿವಿ ಅಲುಗಲಿಲ್ಲ. ಚರಿಗೆ ತುಂಬಿತು.

“ಭಾಳ ಶಾಣ್ಯಾ ಅದೀಯೋ ನನ್ನ ಕೂಸ,” ಎಂದು ಆಯಿ ನನಗೊಂದು ಲೋಟ ಹಾಲು ಕಾಸಿ ಕೊಟ್ಟಳು. ಕುಡಿದೆ.

ನಿಮಗಷ್ಟೇ ಹೇಳುತ್ತೇನೆ. ಲಿಮಿಟರಿಗೆ ಕೈ ಹಾಕುವ ಹೊತ್ತಿಗೆ ಕರೆಂಟು ಹೋಗಿ ಗಿಟಾರಿನ ಸ್ಪೀಕರೇ ಬಂದಾಗಿತ್ತು. ಗುಂಡಿ ತಿರುಗಿಸುವುದನ್ನು ಮಾತ್ರ ನಾನು ನಿಲ್ಲಿಸಲಿಲ್ಲ.