ಮಿಲಿಮೀಟರ್ ಅಕ್ಕನ ಸೊನ್ನೆಗಳು

ಬೀದಿಯವರು ಆಕೆಗೆ ಮಿಲಿಮೀಟರ್ ಅಕ್ಕ ಎಂದು ಹೆಸರಿಟ್ಟು ಮೂವತ್ತೊಂದು ವರ್ಷ. ನೀರು ಸರಬರಾಜು ಕಚೇರಿಯ ಹಿತ್ತಲಿನ ಮಳೆಮಾಪಕವನ್ನು ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಪುಸ್ತಕದಲ್ಲಿ ಬರೆಯುವುದು ಆಕೆಯ ಕೆಲಸ. ಜ್ವರವಿರಲಿ, ಗಂಡ ತೀರಿಕೊಂಡ ಮರುದಿನವಿರಲಿ, ಎಂಟೂವರೆ ಎಂದರೆ ಎಂಟೂವರೆ. ಪಕ್ಕದಲ್ಲಿ ಸಿಮೆಂಟ್ ಕಾರ್ಖಾನೆ ಎದ್ದ ಮೇಲೆ ಮಾಪಕದ ಬಾಯಿಗೆ ಮಸಿ ಹತ್ತತೊಡಗಿತು; ಆಕೆ ಅದನ್ನೂ ದಿನಾ ಒರೆಸಿಡುತ್ತಿದ್ದಳು. ಸುತ್ತಲಿನ ಊರುಗಳಲ್ಲಿ ಮಳೆ ಹೊಯ್ದ ದಿನವೂ ಆಕೆಯ ಪುಸ್ತಕದಲ್ಲಿ ಸೊನ್ನೆ.

ತಂಗಿಯ ಮಗ ಗಣಿತದ ಸಂಶೋಧಕ. ಹೊಗೆಯಿಂದ ಮಳೆ ಎಷ್ಟು ತಗ್ಗುತ್ತದೆಂದು ತಿಳಿಯಲು, ನಾಡಿನ ಮಳೆಮಾಪಕಗಳ ಅಂಕಿಗಳನ್ನೆಲ್ಲ ಸೇರಿಸಿ ಕಂಪ್ಯೂಟರಿನಲ್ಲಿ ಸಮೀಕರಣ ಕಟ್ಟಿದ್ದ. ಕಾರ್ಖಾನೆಯ ಎರಡನೆಯ ಚಿಮಣಿಗೆ ಅನುಮತಿ ಕೊಡುವುದೋ ಬಿಡುವುದೋ, ಅವನ ವರದಿ ನೋಡಿ ಸೋಮವಾರ ಅಧಿಕಾರಿಗಳ ಸಭೆಯಲ್ಲಿ ತೀರ್ಮಾನ. ಭಾನುವಾರ ಊಟಕ್ಕೆ ಬಂದವನು ಅದನ್ನು ಹೆಮ್ಮೆಯಿಂದ ಮುಂದಿಟ್ಟ.

“ಹೊಗೆಗೂ ಮಳೆಗೂ ಸಂಬಂಧವೇ ಕಾಣಲಿಲ್ಲ, ದೊಡ್ಡಮ್ಮ.”

ಆಕೆ ಕನ್ನಡಕ ಏರಿಸಿ ಅಂಕಿಗಳ ಮೇಲೆ ಬೆರಳಾಡಿಸಿದಳು.

“ಜುಲೈ ಹನ್ನೆರಡಕ್ಕೆ ಒಂಬತ್ತು ಮಿಲಿಮೀಟರ್ ಅಂತಿದೆ. ನಾನು ಬರೆದಿದ್ದು ಸೊನ್ನೆ.”

“ಅದಾ? ಅಕ್ಕಪಕ್ಕ ಎಲ್ಲಾ ಮಳೆಯಾಗಿ ಒಂದೇ ಕಡೆ ಸೊನ್ನೆ ಇದ್ರೆ, ಅಳೆಯೋರು ನೋಡಿಲ್ಲ ಅಂತ ತಗೊಂಡು ಸರಾಸರಿ ತುಂಬ್ತೀವಿ. ಎಲ್ಲರೂ ಮಾಡೋದೇ.”

“ಅಂದ್ರೆ ನಾನು ಮಲಗಿದ್ದೆ?”

“ನಿಮ್ಮನ್ನಲ್ಲ ದೊಡ್ಡಮ್ಮ, ಪ್ರೋಗ್ರಾಂ…”

ಆಕೆಯ ಮೈಯೆಲ್ಲ ಉರಿದುಹೋಯಿತು. ಒಂದು ದಿನವೂ ಮೈಗಳ್ಳತನ ಮಾಡದವಳನ್ನು, ತೊಡೆಯ ಮೇಲೆ ಆಡಿಸಿದ ಮಗನೇ ಸುಳ್ಳಿ ಮಾಡಿದ್ದ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದ ಪಂಡಿತ!

“ಹೊಗೆ ಜಾಸ್ತಿಯಾದ್ರೆ ಏನಾಗುತ್ತೆ ಅಂದಿದ್ದೆ?”

“ಮೋಡದ ಹನಿಗಳು ತೀರಾ ಸಣ್ಣದಾಗಿಯೇ ಉಳಿದು… ಮಳೆ ಬೀಳಲ್ಲ.”

“ಬೀಳದ ಮಳೆಗೆ ಸೊನ್ನೆ ಅಲ್ದೆ ಇನ್ನೇನು ಬರೀಲಿ? ಕಳ್ಳನ್ನ ಹಿತ್ತಲ ಬಾಗಿಲಿಂದ ನೀನೇ ಆಚೆ ಕಳಿಸಿ, ಮನೇಲಿ ಕಳ್ಳ ಇಲ್ಲ ಅಂತ ಬರೆದಿದ್ದೀಯಲ್ಲೋ!”

ಅವನ ಮುಖ ಕಪ್ಪಿಟ್ಟಿತು. ತಟ್ಟೆ ಸರಿಸಿ ಕಂಪ್ಯೂಟರ್ ತೆರೆದ. ಆಕೆ ಹಳೆಯ ಪುಸ್ತಕಗಳನ್ನು ತಂದು ಮುಂದೆ ಕುಕ್ಕಿ, ಒಂದೊಂದೇ ಸೊನ್ನೆಯನ್ನು ತಾರೀಖಿನ ಸಮೇತ ಓದಿದಳು. ಆಕೆಯ ಸೊನ್ನೆಗಳ ಜಾಗದಲ್ಲಿ ತುಂಬಿದ್ದ ಅಂಕಿಗಳನ್ನೆಲ್ಲ ಅವನು ಕಿತ್ತುಹಾಕಿದ. ಸಂಜೆಯ ಹೊತ್ತಿಗೆ ಪರದೆಯ ಮೇಲಿನ ಗೆರೆ, ಕಾರ್ಖಾನೆ ಬಂದ ವರ್ಷದಿಂದಲೇ ಕೆಳಗಿಳಿದಿತ್ತು.

“ಕಾಲುಭಾಗ ಮಳೆ ಹೋಗಿದೆ. ತಪ್ಪಾಯ್ತು ದೊಡ್ಡಮ್ಮ.”

“ನನ್ ಹತ್ರ ತಪ್ಪೊಪ್ಕೊಂಡ್ರೆ ಏನು ಬಂತು? ನಾಳೆ ಅವರ ಮುಂದೆ ಹೇಳು.” ಪುಸ್ತಕ ಮುಚ್ಚಲು ಹೋದವಳು ಅರೆಕ್ಷಣ ನಿಂತಳು. “ನಿನ್ನ ಲೆಕ್ಕದಲ್ಲಿ ನನ್ನ ಹಾಗೆ ಇನ್ನೆಷ್ಟು ಜನ ಮಲಗಿದ್ರು?”

ಅವನು ತಲೆ ಎತ್ತಲಿಲ್ಲ.

“ನಲವತ್ತಮೂರು.”

“ಹಾಗಿದ್ರೆ ಸಭೆಗೆ ಮುಂಚೆ ಎಲ್ಲರನ್ನೂ ಎಬ್ಬಿಸು.”